ಫವ್ವಾಜ್ ಮೇಷ್ಟ್ರ ಸಾಕು-ಸಾಲದು

ಅಮ್ಮಾನ್ ಪಟ್ಟಣದಲ್ಲಿ ದಾರಿ ಕೇಳಿದರೆ ಗೊತ್ತಿಲ್ಲ ಎನ್ನುವ ಮನುಷ್ಯ ಸಿಗುವುದು ಕಷ್ಟ. ಗೊತ್ತಿರಲಿ ಬಿಡಲಿ, ಕೈ ಎತ್ತಿ ಒಂದು ದಿಕ್ಕು ತೋರಿಸಿಯೇ ಕಳಿಸುತ್ತಾರೆ. ಕೇಳಿ ಬಂದವನನ್ನು ಬರಿಗೈಯಲ್ಲಿ ಕಳಿಸುವುದು ಮರ್ಯಾದೆಯಲ್ಲ ನೋಡಿ! ಇಂಥ ಊರಿನಲ್ಲಿ ಫವ್ವಾಜ್ ಮೇಷ್ಟ್ರು 'ಇಷ್ಟರಿಂದ ಗೊತ್ತಾಗುವುದಿಲ್ಲ' ಎಂದು ಹೇಳುವ ವಿದ್ಯೆಯನ್ನು ವರ್ಷಗಟ್ಟಲೆ ಕಲಿಸಿದರು. ಅದನ್ನು ಕಲಿಯಲು ಜನ ದುಡ್ಡು ಕೊಟ್ಟು ಮೆಟ್ಟಿಲು ಹತ್ತಿ ಬರುತ್ತಿದ್ದರು ಎನ್ನುವುದು ಇನ್ನೂ ತಮಾಷೆ.

ಜಬಲ್ ಹುಸೇನ್ ಬಡಾವಣೆಯ ಇಳಿಜಾರು ರಸ್ತೆಯಲ್ಲಿ, ಎಳ್ಳಿನ ಬ್ರೆಡ್ಡು ಮಾಡುವ ಬೇಕರಿಯ ಮೇಲಿನ ಮಹಡಿಯಲ್ಲಿ ಅವರ ತರಗತಿ. ಅಬು ರಾಸಿಂ ಎನ್ನುವವರು ನಡೆಸುತ್ತಿದ್ದ ಕೋಚಿಂಗ್ ಕೇಂದ್ರ ಅದು. ಬ್ಯಾಂಕು, ಕಂಪನಿಗಳಲ್ಲಿ ದುಡಿಯುತ್ತ ಎಂಬಿಎ ಮಾಡುವ ಆಸೆ ಇಟ್ಟುಕೊಂಡವರು ಜಿಮ್ಯಾಟ್ ಪರೀಕ್ಷೆಗೆ ತಯಾರಾಗಲು ಸಂಜೆ ಹೊತ್ತು ಅಲ್ಲಿಗೆ ಬರುತ್ತಿದ್ದರು. ಆ ಪರೀಕ್ಷೆಯಲ್ಲಿ ಒಂದು ವಿಚಿತ್ರ ಜಾತಿಯ ಪ್ರಶ್ನೆ ಇರುತ್ತದೆ. ಒಂದು ಲೆಕ್ಕ ಕೊಟ್ಟು, ಕೆಳಗೆ ಎರಡು ಹೇಳಿಕೆ ಕೊಡುತ್ತಾರೆ. ಉತ್ತರ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಉತ್ತರ ಹುಡುಕಲು ಈ ಹೇಳಿಕೆಗಳು ಸಾಕೇ ಎಂದಷ್ಟೇ ಕೇಳುತ್ತಾರೆ. ಮೊದಲನೆಯದೊಂದೇ ಸಾಕೋ, ಎರಡನೆಯದೊಂದೇ ಸಾಕೋ, ಎರಡೂ ಸೇರಿದರೆ ಸಾಕೋ, ಯಾವುದಾದರೂ ಒಂದಿದ್ದರೆ ಸಾಕೋ, ಎರಡೂ ಸೇರಿದರೂ ಸಾಲದೋ. ಈ ಐದರಲ್ಲಿ ಒಂದಕ್ಕೆ ಗುರುತು ಹಾಕಬೇಕು. ವಿದ್ಯಾರ್ಥಿಗಳು ಇದಕ್ಕೆ ಸಾಕು-ಸಾಲದು ಎಂದೇ ಹೆಸರಿಟ್ಟಿದ್ದರು.

ಮೇಷ್ಟ್ರ ಕೈಚಳಕ ಕಾಣುತ್ತಿದ್ದುದು ಸಂಖ್ಯೆಗಳ ಸರಣಿಯಲ್ಲಿ. ಹಿಂದಿನ ಸಂಖ್ಯೆಯಿಂದ ಮುಂದಿನದು ಹುಟ್ಟುವ ಸರಣಿ. ಬೋರ್ಡಿನ ಮೇಲೆ ಹೀಗೆ ಬರೆಯುತ್ತಿದ್ದರು: ಪ್ರತಿ ಸಂಖ್ಯೆಯೂ ಹಿಂದಿನದರ ಎರಡು ಪಟ್ಟಿಗಿಂತ ಮೂರು ಕಡಿಮೆ. ಹಾಗಾದರೆ ನೂರನೆಯದು ಎಷ್ಟು? ಮೊದಲ ಹೇಳಿಕೆ: ಮೊದಲನೆಯದು ಐದು. ಬರೆದು ತಿರುಗುವಷ್ಟರಲ್ಲಿ ತರಗತಿಯ ತಲೆಗಳೆಲ್ಲ ಬಗ್ಗಿರುತ್ತಿದ್ದವು. ಐದು, ಏಳು, ಹನ್ನೊಂದು, ಹತ್ತೊಂಬತ್ತು, ಮೂವತ್ತೈದು.

"ಶಾದಿಯಮ್ಮಾ, ಏನು ಮಾಡ್ತಾ ಇದೀಯ?" ಎಂದು ಬ್ಯಾಂಕಿನ ಶಾದಿಯಾಳನ್ನು ಕೇಳುತ್ತಿದ್ದರು.

"ನೂರನೇದು ಹುಡುಕ್ತಾ ಇದೀನಿ ಮೇಷ್ಟ್ರೇ."

"ಸಿಗೋ ಹೊತ್ತಿಗೆ ನಿನ್ನ ಮಗನ ಮದುವೆ ಆಗಿರುತ್ತೆ."

"ಆಗ್ಲಿ ಬಿಡಿ, ಮದುವೆಗೆ ನಿಮ್ಮನ್ನೂ ಕರೀತೀನಿ."

"ನಾನು ಅಷ್ಟು ದಿನ ಬದುಕಿರಲ್ಲ ತಾಯಿ. ಲೆಕ್ಕ ಮಾಡು ಅಂತ ಯಾರು ಹೇಳಿದ್ರು ನಿಂಗೆ? ಮಾಡೋಕೆ ಆಗುತ್ತಾ ಅಂತ ತಾನೇ ಕೇಳಿದ್ದು? ನಿಯಮ ಗೊತ್ತು, ಶುರು ಎಲ್ಲಿಂದ ಅಂತ ಗೊತ್ತು. ಮುಂದಿನದೆಲ್ಲ ಒಂದೇ ದಾರಿ. ಸಾಕು ಅನ್ನು, ಪೆನ್ಸಿಲ್ ಕೆಳಗಿಡು."

ಆಮೇಲೆ ಮತ್ತೊಂದು: ಪ್ರತಿ ಸಂಖ್ಯೆಯೂ ಹಿಂದಿನದರ ವರ್ಗ. ಎರಡನೆಯದು ಒಂಬತ್ತು. ಮೊದಲನೆಯದು ಎಷ್ಟು? ಇಡೀ ತರಗತಿ ಮೂರು ಎಂದು ಕೂಗುತ್ತಿತ್ತು. ಮೇಷ್ಟ್ರು ಮಾತಾಡದೆ ಮೂರರ ಹಿಂದೆ ಒಂದು ಋಣ ಚಿಹ್ನೆ ಬರೆದು ನಿಲ್ಲುತ್ತಿದ್ದರು. "ಋಣ ಮೂರರ ವರ್ಗವೂ ಒಂಬತ್ತೇ ಅಲ್ವಾ ಮಹಾರಾಯರೇ? ಮುಂದಕ್ಕೆ ಹೋಗೋಕೆ ಒಂದೇ ದಾರಿ ಇದ್ರೂ ಹಿಂದಕ್ಕೆ ಬರೋಕೆ ಎರಡು ಇರಬಹುದು. ಈಗ ಕಣ್ಣಿಗೆ ಕಾಣೋದನ್ನ ಹಿಡ್ಕೊಂಡು ಇದು ಹೀಗೇ ಶುರುವಾಗಿದ್ದು ಅಂತ ಹೇಳೋಕೆ ಹೋಗಬೇಡಿ." ಪ್ರತಿ ವರ್ಷವೂ ಇದೇ ಮಾತು, ಇದೇ ಜಾಗದಲ್ಲಿ, ಇದೇ ಗತ್ತಿನಲ್ಲಿ.

ಯಾರಿಗೂ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಆ ವಿದ್ಯೆ ಮೇಷ್ಟ್ರಿಗೇ ಬರುತ್ತಿರಲಿಲ್ಲ. ಮಾಡಬೇಡಿ ಎಂದು ಹೇಳುವುದನ್ನು ಸ್ವತಃ ಮಾಡುತ್ತಿದ್ದರು. ಹೊಸ ಪ್ರಶ್ನೆ ಕೈಗೆ ಸಿಕ್ಕರೆ ಮನೆಯಲ್ಲಿ ಕೂತು ಕೊನೆಯ ಅಂಕಿಯವರೆಗೂ ಲೆಕ್ಕ ಹಾಕಿ, ಉತ್ತರ ಕಣ್ಣಾರೆ ಕಂಡ ಮೇಲೆಯೇ ಸಾಕು ಎನ್ನುತ್ತಿದ್ದರು. ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ವಯಸ್ಸಿನಲ್ಲಿ ತಾವೇ ಆ ಪರೀಕ್ಷೆಗೆ ಕೂತಿದ್ದರು. ಎರಡು ಸಲವೂ ಅಂಕಿಗಳ ಹಿಂದೆ ಓಡಿ ಹೊತ್ತು ಮುಗಿದುಹೋಗಿ, ಹೇಳಿಕೊಳ್ಳಲಾಗದ ಅಂಕ ಬಂದಿತ್ತು. ಎಲ್ಲಿ ಎಡವಿದೆ ಎಂದು ಚೆನ್ನಾಗಿ ತಿಳಿದುಕೊಂಡರು. ತಿಳಿದದ್ದನ್ನು ಚೆನ್ನಾಗಿ ಹೇಳಿಕೊಟ್ಟರು. ಆದರೆ ಕೈ ಮಾತ್ರ ಕೇಳಲಿಲ್ಲ. ವಿದ್ಯಾರ್ಥಿಗಳೂ ತಲೆಯಾಡಿಸಿ, ಮನೆಗೆ ಹೋಗಿ ಲೆಕ್ಕವನ್ನೇ ಹಾಕುತ್ತಿದ್ದರು. ಹೀಗಾಗಿ, ಇದು ಹೇಳಲಷ್ಟೇ ಚೆಂದ, ನಿಜವಾಗಿ ಯಾವ ಮನುಷ್ಯನಿಗೂ ಆಗುವುದಲ್ಲ ಎಂಬ ನಂಬಿಕೆ ಅವರ ಮನಸ್ಸಿನಲ್ಲಿ ಬೇರು ಬಿಟ್ಟಿತ್ತು.

ಇನ್ನೊಂದು ಹುಚ್ಚೂ ಇತ್ತು. ಅಣಕು ಪರೀಕ್ಷೆ ಮುಗಿದ ಮೇಲೆ ಎಲ್ಲರ ರಫ್ ಹಾಳೆಗಳನ್ನೂ ಕೇಳಿ ಪಡೆದು ಮನೆಗೆ ಒಯ್ಯುತ್ತಿದ್ದರು. ಬೇರೆಯವರು ಪತ್ರಿಕೆ ಓದುವ ಹಾಗೆ, ಚಹಾ ಕುಡಿಯುತ್ತ ಅವನ್ನು ಓದುತ್ತಿದ್ದರು. ಇವನು ಒತ್ತಿ ಬರೆಯುತ್ತಾನೆ, ಮೊಂಡ. ಇವಳು ತಪ್ಪಾದದ್ದನ್ನು ಕಾಣದ ಹಾಗೆ ಗೀಚುತ್ತಾಳೆ, ಮನೆಯಲ್ಲಿ ಬೈಗುಳ ತಿಂದು ಬೆಳೆದವಳು. "ಒಂದು ರಫ್ ಹಾಳೆ ಕೊಡಿ, ಮನುಷ್ಯ ಎಂಥವನು ಅಂತ ಹೇಳ್ತೀನಿ" ಎಂದು ಅಬು ರಾಸಿಂ ಎದುರು ಜಂಬ ಕೊಚ್ಚುತ್ತಿದ್ದರು. ನಾಲ್ಕು ಸಲ ಸರಿಯಾಗಿದ್ದನ್ನು ಹೇಳಿಕೊಂಡು ತಿರುಗಿದರೇ ಹೊರತು, ತಪ್ಪಾಗಿದ್ದನ್ನು ಎಣಿಸಲಿಲ್ಲ.

ಮೇಷ್ಟ್ರು ಮದುವೆಯಾಗಲಿಲ್ಲ. ಅವರಿಗಿದ್ದ ಸಂಸಾರವೆಂದರೆ ಅಕ್ಕ ಫದ್ವಾ ಮತ್ತು ಅಕ್ಕನ ಮಗಳು ಮಯ್ಸೂನ್. ಮಯ್ಸೂನ್ ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಭಾವ ತೀರಿಕೊಂಡಿದ್ದರು. ಅಂದಿನಿಂದ ಸೋದರಮಾವನೇ ಅವಳಿಗೆ ತಂದೆ. ಶಾಲೆಯ ಅರ್ಜಿಗೆ ಸಹಿ ಹಾಕಿದವರೂ ಅವರೇ, ಫಾರ್ಮಸಿ ಓದುತ್ತೇನೆ ಎಂದು ಹಟ ಹಿಡಿದಾಗ ಅಕ್ಕನನ್ನು ಒಪ್ಪಿಸಿದವರೂ ಅವರೇ. ಶುಕ್ರವಾರದ ಊಟ ತಪ್ಪದೆ ಅಕ್ಕನ ಮನೆಯಲ್ಲಿ. ಮಕ್ಲೂಬ ಮಾಡಿದ ದಿನ, ಅನ್ನ, ಬದನೆಕಾಯಿ, ಕೋಳಿ ತುಂಬಿದ ಬಿಸಿ ಪಾತ್ರೆಯನ್ನು ಹರಿವಾಣದ ಮೇಲೆ ಬೋರಲು ಹಾಕುವ ಕೆಲಸ ಮಾವನದು. ಅನ್ನ ಮುರಿಯದೆ ಗೋಪುರದ ಹಾಗೆ ನಿಂತರೆ ಮಯ್ಸೂನ್ ಚಪ್ಪಾಳೆ ತಟ್ಟುತ್ತಿದ್ದಳು. ಕುಸಿದರೆ, "ಮಾವ, ಈ ಸಲ ಸಾಲದು" ಎನ್ನುತ್ತಿದ್ದಳು.

ಆ ವರ್ಷದ ಚಳಿಗಾಲದಲ್ಲಿ ತರಗತಿಗೆ ಕುತೈಬಾ ಎಂಬ ಹುಡುಗ ಸೇರಿದ. ನೀರಿನ ಪಂಪು ಮಾರುವ ಕಂಪನಿಯಲ್ಲಿ ಟೆಂಡರ್ ಬರೆಯುವ ಕೆಲಸ. ಮಾತು ಕಡಿಮೆ. ಬಂದವನೇ ಗ್ಯಾಸ್ ಹೀಟರಿನ ಪಕ್ಕದ ಕುರ್ಚಿ ಹಿಡಿದು, ಕಿತ್ತಳೆ ಸುಲಿದು, ಸಿಪ್ಪೆಯನ್ನು ಹೀಟರಿನ ತಲೆಯ ಮೇಲಿಟ್ಟು ಕೋಣೆಗೆಲ್ಲ ಘಮ ಹಿಡಿಸುತ್ತಿದ್ದ. ತೊಳೆಗಳನ್ನು ಅಕ್ಕಪಕ್ಕದವರಿಗೆ ಹಂಚುತ್ತಿದ್ದ. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವಾಗ ಎಲ್ಲರೂ ಬಗ್ಗಿ ಬರೆದುಕೊಂಡರೆ ಇವನು ಸುಮ್ಮನೆ ನೋಡುತ್ತಿದ್ದ. ಸೋಮಾರಿ ಎಂದುಕೊಂಡರು ಮೇಷ್ಟ್ರು.

ಮಯ್ಸೂನ್ ಕೆಲಸ ಮಾಡುತ್ತಿದ್ದ ಔಷಧದ ಅಂಗಡಿ ಅದೇ ರಸ್ತೆಯ ಕೆಳತುದಿಯಲ್ಲಿ. ಕುತೈಬಾನಿಗೆ ಆ ಚಳಿಗಾಲವಿಡೀ ಗಂಟಲು ನೋವು ವಾಸಿಯೇ ಆಗಲಿಲ್ಲ. ವಾರಕ್ಕೆರಡು ಸಲ ಚೀಪುವ ಮಾತ್ರೆ ಬೇಕಾಗುತ್ತಿತ್ತು. ಒಂದು ಶುಕ್ರವಾರ ಮಯ್ಸೂನ್ ಚಹಾ ಸುರಿಯುತ್ತ, "ಮಾವ, ಈ ಸಲ ನಿಮ್ಮ ಕ್ಲಾಸಲ್ಲಿ ಬುದ್ಧಿವಂತರು ಯಾರಾದ್ರೂ ಇದಾರಾ?" ಎಂದು ಕೇಳಿದಳು. "ಎಲ್ಲಾ ಕತ್ತೆಗಳೇ" ಎಂದರು ಮೇಷ್ಟ್ರು. ಅವಳು ಯಾಕೋ ತುಂಬಾ ನಕ್ಕಳು.

ಆಮೇಲೆ ಕುತೈಬಾನ ತಾಯಿಯ ಫೋನು ಬಂತು. ಹೆಣ್ಣು ಕೇಳಲು ಹಿರಿಯರನ್ನು ಕಳಿಸಬಹುದೇ ಎಂದು. ಅಲ್ಲಿನ ರೂಢಿಯಂತೆ, ಹೂಂ ಎನ್ನುವ ಮೊದಲು ಹುಡುಗನ ಬಗ್ಗೆ ಕೇಳಿಸಬೇಕು. ಬೀದಿಯ ದಿನಸಿಯವನನ್ನು, ಮಸೀದಿಯವರನ್ನು, ಕೆಲಸದ ಜಾಗದವರನ್ನು. ಫದ್ವಾ ಒಂದನ್ನೂ ಬಿಡದೆ ಎಲ್ಲ ಕೇಳಿಸಿದಳು. ಎಲ್ಲ ಕಡೆಯಿಂದಲೂ ಒಳ್ಳೆಯ ಮಾತೇ ಬಂತು.

"ನಿನ್ನ ಹತ್ರಾನೇ ಓದ್ತಿದಾನಂತಲ್ಲೋ," ಎಂದಳು ತಮ್ಮನಿಗೆ. "ಊರವರ ಮಾತು ಹಾಗಿರ್ಲಿ. ನೀನು ಹೂಂ ಅಂದ್ರೆ ಮುಗೀತು. ನೀನೇ ಹೇಳು."

"ಒಂದು ವಾರ ಕೊಡಕ್ಕ," ಎಂದರು ಮೇಷ್ಟ್ರು.

ಆ ವಾರವೇ ಅಣಕು ಪರೀಕ್ಷೆ. ಸರಣಿಯ ಪ್ರಶ್ನೆಗಳನ್ನು ಮೇಷ್ಟ್ರು ಬೇಕೆಂದೇ ಕಠಿಣ ಮಾಡಿದ್ದರು. ಒಂದು ಹೀಗಿತ್ತು: ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ; ಎಲ್ಲವೂ ಧನ ಪೂರ್ಣಾಂಕಗಳು; ಮೊದಲನೆಯದು ಎಷ್ಟು? ಹೇಳಿಕೆ: ಐದನೆಯದು ಹನ್ನೆರಡು. ಶುರುವಿನ ಎರಡು ಸಂಖ್ಯೆ ಗೊತ್ತಿಲ್ಲ, ಸಿಕ್ಕಿರುವ ಸುಳಿವು ಒಂದೇ, ಹಾಗಾಗಿ ಸಾಲದು ಎಂದೇ ಎಲ್ಲರೂ ಗುರುತು ಹಾಕುತ್ತಾರೆ. ಆದರೆ ಹನ್ನೆರಡು ಸಣ್ಣ ಸಂಖ್ಯೆ. ಅದಕ್ಕೆ ಹೊಂದುವುದು ಮೂರು, ಎರಡು, ಐದು, ಏಳು, ಹನ್ನೆರಡು, ಇದೊಂದೇ ಸಾಲು. ಆದ್ದರಿಂದ ಸಾಕು. ಇದನ್ನು ಖಚಿತ ಮಾಡಿಕೊಳ್ಳಲು ಮೇಷ್ಟ್ರಿಗೇ ಅರ್ಧ ಹಾಳೆ ಹಿಡಿದಿತ್ತು.

ಮನೆಯಲ್ಲಿ ರಫ್ ಹಾಳೆಗಳನ್ನು ಹರಡಿಕೊಂಡು ಕೂತರು. ಕುತೈಬಾನದು ಕೈಗೆ ಬಂತು. ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು. ಮೂಲೆಯಲ್ಲಿ ಹೆಸರು ಬಿಟ್ಟರೆ ಒಂದು ಚುಕ್ಕೆಯೂ ಇರಲಿಲ್ಲ. ಉತ್ತರಪತ್ರಿಕೆ ತೆಗೆದು ನೋಡಿದರು. ಸರಣಿಯ ಪ್ರಶ್ನೆಗಳು ಒಂದೂ ತಪ್ಪಿರಲಿಲ್ಲ.

ಮಾರನೆಯ ದಿನ ಅಬು ರಾಸಿಂ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು: "ನಮ್ಮ ಅಣಕು ಪರೀಕ್ಷೆ ಪತ್ರಿಕೆ ಯಾರೋ ಫೋಟೋ ಹೊಡೆದು ವಾಟ್ಸಾಪಲ್ಲಿ ಬಿಟ್ಟಿದಾರಂತೆ ಕಣಯ್ಯಾ. ಯಾರಿಗೂ ಹೇಳ್ಬೇಡ, ಕೇಂದ್ರದ ಹೆಸರು ಹಾಳಾಗುತ್ತೆ."

ಮೇಷ್ಟ್ರ ತಲೆಯಲ್ಲಿ ಎರಡೂ ಕೂಡಿಕೊಂಡವು. ಹಾಳೆ ಖಾಲಿ. ಪತ್ರಿಕೆ ಸೋರಿದೆ. ಇನ್ನೇನು ಬೇಕು? ತರಗತಿಯಲ್ಲಿ ಯಾರಾದರೂ ಇಷ್ಟರಿಂದಲೇ ಸಾಕು ಎಂದಿದ್ದರೆ ಚಾಕ್‌ಪೀಸ್ ಎಸೆದು ಬೈಯುತ್ತಿದ್ದ ಮನುಷ್ಯ! ಹುಡುಗನನ್ನು ಕರೆದು, "ಇದನ್ನ ಹೇಗೆ ಮಾಡಿದೆಯಪ್ಪಾ?" ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ, ನನಗೆ ಬರೆಯದೆ ಮಾಡಲು ಬರುವುದಿಲ್ಲ, ನಿನಗೆ ಹೇಗೆ ಬಂತು ಎಂದು ಕೇಳಿದ ಹಾಗಾಗುತ್ತಿತ್ತು. ಆ ಅಳುಕು ಆಗ ಅವರಿಗೇ ಗೊತ್ತಾಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು, ಗೊತ್ತಾಗಿ ಏನು ಬಂತು?

ಶುಕ್ರವಾರ ಊಟವಾದ ಮೇಲೆ ಅಕ್ಕನನ್ನು ಬಾಲ್ಕನಿಗೆ ಕರೆದರು. "ಬೇಡ ಅಕ್ಕ."

"ಯಾಕೋ? ಕುಡೀತಾನಾ?"

"ಅದೆಲ್ಲ ಕೇಳಬೇಡ."

"ಇನ್ನೊಂದು ಮದುವೆ ಆಗಿದೆಯೇನೋ? ಬಾಯಿ ಬಿಡೋ ಮಾರಾಯ!"

"ಕಣ್ಣಾರೆ ನೋಡಿದೀನಿ ಅಕ್ಕ. ಇನ್ನೊಬ್ಬರ ಮಗನ ಮಾನ, ಬಾಯಲ್ಲಿ ಆಡೋದು ಬೇಡ. ನಮಗೆ ಅಷ್ಟು ಸಾಕು."

ಮಯ್ಸೂನ್ ಕಾಫಿಯ ತಟ್ಟೆ ಹಿಡಿದು ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಮಾವ, ನೀವು ಅವರನ್ನ ಒಂದು ಮಾತು ಕೇಳಿದ್ರಾ?" ಎಂದಳು.

"ಕೇಳೋದು ಏನೂ ಉಳಿದಿಲ್ಲಮ್ಮ."

ಅವಳು ಮಾವನ ಮುಖವನ್ನೇ ನೋಡಿದಳು. ಆಮೇಲೆ ತಟ್ಟೆಯನ್ನು ಮೇಜಿನ ಮೇಲಿಟ್ಟು, ಸಕ್ಕರೆ ಸಾಕೋ ನೋಡಿ ಎಂದು ಹೇಳಿ ಒಳಗೆ ಹೋದಳು. ಮಾವ ಸುಮ್ಮಸುಮ್ಮನೆ ಹೇಳುವವರಲ್ಲ ಎಂಬ ನಂಬಿಕೆ ಅವಳಿಗೆ. ಕುತೈಬಾನ ಮನೆಗೆ ನಸೀಬು ಕೂಡಿಬರಲಿಲ್ಲ ಎಂದು ಹೇಳಿ ಕಳಿಸಿದರು. ಅಲ್ಲಿ ಬೇಡ ಎನ್ನುವುದೇ ಹಾಗೆ, ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಕಾರಣ ಹೇಳದೆ ಹುಡುಗನ ಮಾನ ಉಳಿಸಿದೆ ಎಂದು ಮೇಷ್ಟ್ರು ಒಳಗೊಳಗೇ ಹೆಮ್ಮೆಪಟ್ಟುಕೊಂಡರು. ಅದೇ ಎಲ್ಲಕ್ಕಿಂತ ದೊಡ್ಡ ತಪ್ಪಾಯಿತು.

ಕುತೈಬಾ ಕೊನೆಯ ತರಗತಿಯವರೆಗೂ ಬಂದ. ಕಿತ್ತಳೆ ತರುವುದನ್ನು ಮಾತ್ರ ಬಿಟ್ಟಿದ್ದ. ಹೋಗುವ ದಿನ ಮೇಷ್ಟ್ರ ಕೈ ಕುಲುಕಿ, "ನಿಮ್ಮಿಂದ ತುಂಬಾ ಕಲ್ತೆ ಮೇಷ್ಟ್ರೇ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದ. ಎಂಥ ನಾಟಕ ಎಂದುಕೊಂಡರು ಇವರು.

ತಿಂಗಳು ಕಳೆದಿರಬೇಕು. ಅಬು ರಾಸಿಂ ಮಾತಿನ ಮಧ್ಯೆ, "ಅವತ್ತು ಸೋರಿದ್ದು ಇಂಗ್ಲಿಷ್ ಪತ್ರಿಕೆ ಅಂತೆ ಕಣಯ್ಯಾ, ಗಣಿತದ್ದು ಅಲ್ಲ. ಸುಮ್ನೆ ಗಾಬರಿಯಾಗಿದ್ವಿ" ಎಂದುಬಿಟ್ಟರು. ಮೇಷ್ಟ್ರ ಕೈಯಲ್ಲಿದ್ದ ಬ್ರೆಡ್ಡಿನ ತುಂಡು ಅಲ್ಲೇ ನಿಂತಿತು. ಎರಡರಲ್ಲಿ ಒಂದು ಬಿದ್ದುಹೋಗಿತ್ತು. ಆದರೆ ಖಾಲಿ ಹಾಳೆ ಹಾಗೇ ಇದೆಯಲ್ಲ ಎಂದು ಮನಸ್ಸಿಗೆ ಹೇಳಿಕೊಂಡರು. ಈಗ ಹೋಗಿ ಏನೆಂದು ಹೇಳುವುದು? ಬೇಡವೆಂದು ಹೇಳಿ ಕಳಿಸಿದ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಅಕ್ಕನಿಗೆ, ಬೀದಿಯವರಿಗೆ ಏನು ಉತ್ತರ? ಆ ಒಂದು ದಿನ ಎದ್ದು ಹೋಗಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಮೇಷ್ಟ್ರು ಹೋಗಲಿಲ್ಲ. ಬ್ರೆಡ್ಡು ತಿಂದು ತರಗತಿಗೆ ಹೋದರು.

ವರ್ಷಗಳು ಉರುಳಿದವು. ಮಯ್ಸೂನಳನ್ನು ಕೇಳಿಕೊಂಡು ಬೇರೆಯವರು ಬಂದರು. ಅವರನ್ನೆಲ್ಲ ಅವಳೇ ಬೇಡವೆಂದಳು. "ಇವಳಿಗೆ ಯಾರೂ ಹಿಡಿಸಲ್ಲ ನೋಡು, ರಾಜಕುಮಾರ ಬರ್ಬೇಕೇನೋ!" ಎಂದು ಫದ್ವಾ ರೇಗಿ ರೇಗಿ ಸುಮ್ಮನಾದಳು. ಮಯ್ಸೂನ್ ಅಂಗಡಿಯ ಜವಾಬ್ದಾರಿಯನ್ನೆಲ್ಲ ವಹಿಸಿಕೊಂಡಳು. ಸಂಜೆ ಮನೆಗೆ ಬಂದು ತಾಯಿಗೆ ಇನ್ಸುಲಿನ್ ಕೊಡುತ್ತಿದ್ದಳು. ಶುಕ್ರವಾರಗಳು ಎಂದಿನಂತೆ ನಡೆದವು. ಮಾವನ ಮೇಲೆ ಅವಳ ಪ್ರೀತಿ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಮೇಷ್ಟ್ರಿಗೆ ಅದೇ ಸಹಿಸಲು ಕಷ್ಟವಾಗುತ್ತಿತ್ತು.

ಮೇಷ್ಟ್ರ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆಯಿತು. ಚಾಕಿನ ಧೂಳು ತಾಗಬಾರದು, ಬೋರ್ಡಿನ ಹತ್ತಿರ ನಿಲ್ಲಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. "ನೀನೇನೂ ಚಿಂತೆ ಮಾಡ್ಬೇಡ," ಎಂದರು ಅಬು ರಾಸಿಂ. "ನಿನ್ನ ಹಳೇ ಶಿಷ್ಯನೇ ಒಬ್ಬ ಬರ್ತಾನೆ. ಪರೀಕ್ಷೇಲಿ ಗಣಿತದಲ್ಲಿ ಪೂರ್ತಿ ಅಂಕ ತಗೊಂಡೋನು. ಆ ಪಂಪ್ ಕಂಪನಿ ಹುಡುಗ, ನೆನಪಿದೆಯಾ?"

ನೆನಪಿಲ್ಲದೆ ಏನು! ಮೇಷ್ಟ್ರು ಕಪ್ಪು ಕನ್ನಡಕ ಹಾಕಿಕೊಂಡೇ ಹೋಗಿ ಹಿಂದಿನ ಸಾಲಿನಲ್ಲಿ ಕೂತರು. ಇವನ ಬಣ್ಣ ಬಯಲಾಗುವುದನ್ನು ಒಂದು ಸಲ ನೋಡಬೇಕೆಂಬ ಆಸೆ. ಬಯಲಾದರೆ ತಮ್ಮ ಎದೆಯ ಭಾರ ಇಳಿದೀತೆಂಬ ಆಸೆ.

ಕುತೈಬಾನ ಕಿವಿಯ ಹತ್ತಿರ ಕೂದಲು ನರೆತಿತ್ತು. ಬಂದವನೇ ನೇರ ಹಿಂದಿನ ಸಾಲಿಗೆ ನಡೆದು, ಹಿರಿಯರ ಹೆಗಲಿಗೆ ಮುತ್ತಿಡುವ ಅಲ್ಲಿನ ರೂಢಿಯಂತೆ ಮೇಷ್ಟ್ರ ಹೆಗಲಿಗೆ ಮುತ್ತಿಟ್ಟ. "ಇವರು ಹೇಳಿಕೊಟ್ಟಿದ್ದನ್ನೇ ನಾನು ಹೇಳ್ತೀನಿ. ಇವರಿಗಿಂತ ಚೆನ್ನಾಗಿ ಹೇಳೋಕೆ ನಂಗೆ ಬರಲ್ಲ" ಎಂದ ಹುಡುಗರಿಗೆ.

ಪಾಠ ಅರ್ಧವಾಗಿತ್ತು. ಮೇಷ್ಟ್ರು ಕೈ ಎತ್ತಿದರು. "ಒಂದು ಲೆಕ್ಕ ಕೊಡಲೇನಪ್ಪಾ?"

"ಕೊಡಿ ಮೇಷ್ಟ್ರೇ."

ಅದನ್ನು ಅವರು ಆ ಗಳಿಗೆಯಲ್ಲೇ ಹುಟ್ಟುಹಾಕಿದರು. ಯಾವ ಪತ್ರಿಕೆಯಲ್ಲೂ ಬಂದಿರಲು ಸಾಧ್ಯವಿರಲಿಲ್ಲ. "ಹಿಂದಿನದರ ಮೂರು ಪಟ್ಟಿಗೆ ನಾಲ್ಕು ಸೇರಿಸಿದ್ರೆ ಮುಂದಿನದು. ಇನ್ನೂರನೇದು ಎಷ್ಟು? ಒಂದು, ಮೂರನೇದರಿಂದ ಎರಡನೇದನ್ನ ಕಳೆದ್ರೆ ಇಪ್ಪತ್ತನಾಲ್ಕು. ಎರಡು, ಎಲ್ಲಾ ಧನ ಪೂರ್ಣಾಂಕಗಳು."

ಹೇಳಿ ಮುಗಿಸಿದವರೇ ಅಭ್ಯಾಸಬಲದಿಂದ ಡೆಸ್ಕಿನ ಕೆಳಗೆ ಅಂಗೈಯಲ್ಲಿ ಬೆರಳಾಡಿಸತೊಡಗಿದರು. ಎರಡನೆಯದು ಹತ್ತು, ಮೂರನೆಯದು ಮೂವತ್ತನಾಲ್ಕು, ನಾಲ್ಕನೆಯದು ನೂರಾ ಆರು.

ಕುತೈಬಾ ಚಾಕ್‌ಪೀಸ್ ಮುಟ್ಟಲೇ ಇಲ್ಲ. ಕೈ ಹಿಂದೆ ಕಟ್ಟಿಕೊಂಡು ಗೋಡೆಯನ್ನು ಒಂದು ಕ್ಷಣ ನೋಡಿದ. "ಮೊದಲನೇ ಹೇಳಿಕೆ ಒಂದೇ ಸಾಕು. ಪಕ್ಕಪಕ್ಕದ ಎರಡರ ವ್ಯತ್ಯಾಸ ಕೊಟ್ಟಿದಾರೆ, ನಿಯಮ ಕೈಯಲ್ಲೇ ಇದೆ. ಅಂದ್ರೆ ಎರಡನೇದು ಇಂಥದ್ದೇ ಅಂತ ಗೊತ್ತಾ‌ಗೇ ಆಗುತ್ತೆ. ಒಂದು ಸಿಕ್ಕಿದ್ರೆ ಮುಂದಿನದೆಲ್ಲ ಸಿಕ್ಕ ಹಾಗೇ. ಎರಡನೇ ಹೇಳಿಕೆಯಿಂದ ಏನೂ ಆಗಲ್ಲ."

"ಅದು ಸರಿ, ಇನ್ನೂರನೇದು ಎಷ್ಟು ಸರ್?" ಎಂದಳು ಮುಂದಿನ ಸಾಲಿನ ಹುಡುಗಿ.

"ನಂಗೆ ಹೇಗಮ್ಮಾ ಗೊತ್ತು? ನಾನು ಲೆಕ್ಕ ಮಾಡಿಲ್ವಲ್ಲ." ತರಗತಿಯೆಲ್ಲ ನಕ್ಕಿತು. ಅವನೂ ನಕ್ಕ. "ನೀವೂ ನಗ್ತೀರ. ನಾನಂತೂ ಮೇಷ್ಟ್ರು ಪೆನ್ಸಿಲ್ ಕೆಳಗಿಡಿ ಅಂದಾಗ ನಿಜವಾಗ್ಲೂ ಇಟ್ಟುಬಿಟ್ಟೆ. ಆಮೇಲೆ ಎತ್ತಿಕೊಳ್ಳಲೇ ಇಲ್ಲ."

ಮೇಷ್ಟ್ರ ಬೆರಳು ನೂರಾ ಆರರ ಮೇಲೆ ನಿಂತುಹೋಯಿತು. ಇಷ್ಟು ವರ್ಷದಲ್ಲಿ ಅವರ ಮಾತನ್ನು ಮಾತಿನಂತೆಯೇ ನಂಬಿದವನು ಒಬ್ಬನೇ ಒಬ್ಬ. ಅವನನ್ನು ಅವರು ಕಳ್ಳನೆಂದು ತೀರ್ಮಾನಿಸಿದ್ದರು. ತಮ್ಮ ಪಾಠದಲ್ಲಿ ತಮಗೇ ನಂಬಿಕೆಯಿಲ್ಲದೆ ಹೋದದ್ದಕ್ಕೆ ದಂಡ ಕಟ್ಟಿದವರು ಬೇರೆ ಯಾರೋ. ಪಾಠ ಮುಗಿದ ಮೇಲೆ ಕುತೈಬಾ ಫೋನಿನಲ್ಲಿ ತನ್ನ ಮಗಳ ಚಿತ್ರ ತೋರಿಸಿದ, ಮುಂದಿನ ಹಲ್ಲು ಬಿದ್ದ ಹುಡುಗಿ. ಇವನ ಸಂಸಾರ ಇವನಿಗಿದೆ, ಇವನಿಗೆ ಈಗ ಹೇಳಿ ಕಲಕುವುದು ಬೇಡ ಎಂದುಕೊಂಡು ಮೇಷ್ಟ್ರು ಮಗುವಿಗೆ ಒಳ್ಳೆಯದಾಗಲಿ ಎಂದು ಹರಸಿ ಮೆಟ್ಟಿಲಿಳಿದರು.

ಶುಕ್ರವಾರ ಊಟವಾಗಿ ಫದ್ವಾ ಒಳಗೆ ಮಲಗಿದ್ದಳು. ಮಯ್ಸೂನ್ ತಟ್ಟೆಗಳನ್ನು ಎತ್ತುತ್ತಿದ್ದಳು. ಮೇಷ್ಟ್ರ ತಟ್ಟೆಯಲ್ಲಿ ಅನ್ನ ಅರ್ಧಕ್ಕರ್ಧ ಉಳಿದಿತ್ತು.

"ನಿಮ್ಮ ಜಾಗದಲ್ಲಿ ಕುತೈಬಾ ಪಾಠ ಮಾಡ್ತಿದಾರಂತೆ," ಎಂದಳು ಅವಳು. ಆ ಹೆಸರನ್ನು ಇಷ್ಟು ವರ್ಷ ಅವಳು ಆಡಿರಲಿಲ್ಲ. "ಅಬು ರಾಸಿಂ ಅಂಗಡಿಗೆ ಬಂದಾಗ ಹೇಳಿದ್ರು. ನೀವೂ ಹೋಗಿ ಕೂತಿದ್ರಂತೆ. ಅವರಿಗೊಂದು ಲೆಕ್ಕಾನೂ ಕೊಟ್ರಂತೆ."

"ಹೂಂ."

"ಅಂಥೋನ ಕೈಗೆ ನಿಮ್ಮ ಕ್ಲಾಸು ಹೇಗೆ ಬಿಟ್ರಿ ಮಾವ?"

ಮೇಷ್ಟ್ರು ಕಪ್ಪು ಕನ್ನಡಕ ತೆಗೆದು ಒರೆಸತೊಡಗಿದರು.

"ಈಗಲಾದ್ರೂ ಹೇಳಿ. ಅವತ್ತು ಏನು ನೋಡಿದ್ರಿ?"

ಮರೆತುಹೋಯಿತು ಎನ್ನಬಹುದಿತ್ತು. ಏನಾದರೊಂದು ಸುಳ್ಳು ಹೆಣೆದು ಅಲ್ಲಿಗೇ ಮುಚ್ಚಿಬಿಡಬಹುದಿತ್ತು. ಆದರೆ ಅವಳು ಕೇಳಿದ್ದು ನೇರವಾಗಿ, ಇನ್ನೊಮ್ಮೆ ಅಡ್ಡದಾರಿ ಹಿಡಿಯಲು ಅವರಿಗೆ ಮನಸ್ಸಾಗಲಿಲ್ಲ.

"ಅವನ ರಫ್ ಹಾಳೆ ಖಾಲಿ ಇತ್ತಮ್ಮ," ಎಂದರು. "ಉತ್ತರ ಎಲ್ಲಾ ಸರಿ, ಹಾಳೆ ಖಾಲಿ. ಪತ್ರಿಕೆ ಕದ್ದಿದಾನೆ ಅಂದುಕೊಂಡೆ. ಕದ್ದಿರಲಿಲ್ಲ. ಮೊನ್ನೆ ಕಣ್ಣೆದುರೇ ಮಾಡಿ ತೋರಿಸಿದ. ನಾನು ಹೇಳಿಕೊಟ್ಟ ಹಾಗೇ ಮಾಡಿದ್ದ."

"ಖಾಲಿ ಹಾಳೆ," ಎಂದಳು ಮಯ್ಸೂನ್. ತಟ್ಟೆಗಳನ್ನು ಮತ್ತೆ ಮೇಜಿನ ಮೇಲಿಟ್ಟಳು. "ಇನ್ನೇನೂ ಇಲ್ವಾ?"

"ಇಲ್ಲ."

"ಕುಡಿತ? ಬೇರೆ ಹೆಂಗಸು? ಜೈಲು?"

"ಏನೂ ಇಲ್ಲಮ್ಮ. ಹಾಳೆ ಅಷ್ಟೇ. ತಪ್ಪಾಯ್ತು. ನನ್ನನ್ನ ಕ್ಷಮಿಸು."

ಅವಳು ಅವರ ಎದುರಿನ ಕುರ್ಚಿಯಲ್ಲಿ ಕೂತಳು. ಕೋಪ ಬರಲಿ ಎಂದು ಮೇಷ್ಟ್ರು ಕಾದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅವರು ನಂಗೆ ತುಂಬಾ ಒಳ್ಳೆಯವರಾಗಿ ಕಂಡಿದ್ರು ಮಾವ," ಎಂದಳು ಮೆಲ್ಲಗೆ. "ನೀವು ಬಾಯಲ್ಲಿ ಆಡಬಾರದ್ದು ಏನೋ ನೋಡಿದೀರ ಅಂದಾಗ, ಹಾಗಾದ್ರೆ ನಂಗೆ ಮನುಷ್ಯರನ್ನ ನೋಡೋಕೇ ಬರಲ್ಲ ಅಂದುಕೊಂಡೆ. ಆಮೇಲೆ ಬಂದವರಲ್ಲಿ ಇಬ್ಬರು ಒಳ್ಳೆಯವರಾಗೇ ಕಂಡರು. ಕುತೈಬಾ ಅವರೂ ಹೀಗೇ ಕಂಡಿದ್ರಲ್ಲ ಅಂತ ಹೆದರಿದೆ. ಬೇಡ ಅಂದೆ. ಯಾರೂ ಹಿಡಿಸಲಿಲ್ಲ ಅಂತಲ್ಲ ಮಾವ. ಹಿಡಿಸಿದ್ದಕ್ಕೇ ಬೇಡ ಅಂದೆ."

ಒಬ್ಬ ಹುಡುಗನ ಸಂಬಂಧವನ್ನು ತಪ್ಪಿಸಿದೆ ಎಂದು ಮೇಷ್ಟ್ರು ಕೊರಗಿದ್ದರು. ಕಳೆದದ್ದು ಅಷ್ಟೇ ಅಲ್ಲವೆಂದು ಆ ತನಕ ಅವರಿಗೆ ಹೊಳೆದೇ ಇರಲಿಲ್ಲ.

ಒಳಗಿನಿಂದ ಫದ್ವಾ, "ಏನೇ ಅದು ಮಾತು? ಮಾವನಿಗೆ ಚಹಾ ಕೊಟ್ಯಾ?" ಎಂದು ಕೂಗಿದಳು.

"ಕೊಡ್ತಾ ಇದೀನಮ್ಮ," ಎಂದಳು ಮಯ್ಸೂನ್. ಎದ್ದು ಹೋಗಿ ಚಹಾ ತಂದಳು, ಅವರಿಗೆ ಬೇಕಾದಷ್ಟು ಸಕ್ಕರೆ ಹಾಕಿ ಕಲಕಿದಳು. ಲೋಟ ಅವರ ಕೈಗೆ ಕೊಟ್ಟು, ಕೈ ಸರಿಯಾಗಿ ಹಿಡಿಯಿತೆಂದು ನೋಡಿದ ಮೇಲೆ ಬಿಟ್ಟಳು.

"ಮುಂದಿನ ಶುಕ್ರವಾರ ಬರಬೇಡಿ ಮಾವ," ಎಂದಳು. "ಕಣ್ಣು ನೋವಂತೆ ಅಂತ ಅಮ್ಮನಿಗೆ ನಾನೇ ಹೇಳ್ತೀನಿ."